ದಾಂಡೇಲಿಗಿಂತ ಈಚೆ: ನಮ್ಮ ಸೀಮೆಯ ಗುಡ್ಡ, ಕೆರೆ, ಬಯಲು — ಓದುಗರ ಪ್ರಶ್ನೋತ್ತರ

ಗದಗ, ಹಾವೇರಿ ಮತ್ತು ಹುಬ್ಬಳ್ಳಿ–ಧಾರವಾಡದ ಸುತ್ತಮುತ್ತ ಚಾರಣ ಮಾಡುವ, ಹಕ್ಕಿ–ಪ್ರಾಣಿಗಳನ್ನು ನೋಡುವ ಬಗ್ಗೆ ಬಂದ ಪತ್ರಗಳಲ್ಲಿ ಏಳನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಕೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಬೆಂಗಳೂರಿನಿಂದ ತಮ್ಮನ ಸಂಸಾರ ಡಿಸೆಂಬರ್ ರಜೆಗೆ ಬರುತ್ತಿದೆ. ಒಂಬತ್ತು ಮತ್ತು ಹದಿಮೂರು ವರ್ಷದ ಮಕ್ಕಳಿದ್ದಾರೆ. ಪ್ರತಿ ಸಲ ದಾಂಡೇಲಿಗೆ ಹೋಗಿ ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್ ಮಾಡಿ ಬರುವುದೇ ರೂಢಿಯಾಗಿದೆ. "ನಿಮ್ಮ ಬಯಲುಸೀಮೆಯಲ್ಲಿ ನೋಡುವುದಕ್ಕೆ ಏನಿದೆ?" ಎಂದು ಮಕ್ಕಳು ಕೇಳುತ್ತಾರೆ. ಎರಡು ದಿನಕ್ಕೆ ಏನನ್ನು ತೋರಿಸಲಿ?
— ಹುಬ್ಬಳ್ಳಿ ವಿದ್ಯಾನಗರದ ಓದುಗರು

ಉತ್ತರ: ನೀವು ಡಿಸೆಂಬರ್ ಎಂದು ಬರೆದಿರುವುದನ್ನು ಓದಿ ಸಂತೋಷವಾಯಿತು, ಏಕೆಂದರೆ ಆ ತಿಂಗಳು ನಮ್ಮ ಸೀಮೆಯಲ್ಲಿ ಕಾಣಸಿಗುವ ಒಂದು ನೋಟಕ್ಕಾಗಿ ದೂರದ ಊರುಗಳಿಂದ ಜನ ಬರುತ್ತಾರೆ. ಗದಗದಿಂದ 26 ಕಿಲೋಮೀಟರ್ ದೂರದಲ್ಲಿರುವ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯವನ್ನು ದಾಟಿ ಭಾರತಕ್ಕೆ ಬರುವ ಈ ಹಕ್ಕಿ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಗಾಳಿ ತೆಳುವಾದ ಆ ಎತ್ತರದಲ್ಲಿ ಇರುವಷ್ಟು ಆಮ್ಲಜನಕವನ್ನು ಬೇರೆ ಬಾತುಗಳಿಗಿಂತ ಚೆನ್ನಾಗಿ ಹಿಡಿದುಕೊಳ್ಳುವ ರಕ್ತ ಅದರದು. ಸುಮಾರು 50 ಹೆಕ್ಟೇರಿನ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಎಂದರೆ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿತು.

ಹಿಂದಿನ ರಾತ್ರಿ ಗದಗದಲ್ಲಿ ಉಳಿದುಕೊಂಡು, ಬೆಳಕು ಹರಿಯುವ ಮುನ್ನವೇ ಕೆರೆಯ ಏರಿಯ ಮೇಲೆ ನಿಂತಿರಬೇಕು. ಸಂಜೆಯಿಂದ ಹೊಲಗಳಲ್ಲಿ ಮೇಯುವ ಹೆಬ್ಬಾತುಗಳು ಬೆಳಗಿನ ಹೊತ್ತಿಗೆ ನೀರಿಗೆ ಮರಳುತ್ತವೆ. ಮೊದಲು ಕಾಣುವುದಕ್ಕಿಂತ ಕೇಳಿಸುತ್ತದೆ: ದೂರದಲ್ಲಿ ಯಾರೋ ಮೂಗಿನಿಂದ ಕೂಗಿದಂಥ ದನಿ ಒಂದು ಕಡೆಯಿಂದ ಎದ್ದು, ಇನ್ನೊಂದು ಕಡೆಯಿಂದ ಅದಕ್ಕೆ ಓಗೊಟ್ಟಂತೆ ಕೇಳಿ, ಆಮೇಲೆ ಕೆಂಪೇರಿದ ಆಕಾಶದಲ್ಲಿ ಎಳೆ ಎಳೆಯಾಗಿ ಗೆರೆಗಳು ಮೂಡುತ್ತವೆ. ಕೆರೆಯ ನೆತ್ತಿಗೆ ಬಂದಾಗ ಕೆಲವು ಹಕ್ಕಿಗಳು ರೆಕ್ಕೆ ಓರೆ ಮಾಡಿ, ಗಾಳಿಯಲ್ಲಿ ಅತ್ತಿತ್ತ ಹೊರಳಿ, ಉದುರಿದ ಎಲೆಯಂತೆ ಸರ್ರನೆ ಇಳಿಯುತ್ತವೆ. ಮಕ್ಕಳು ಇದನ್ನೊಮ್ಮೆ ನೋಡಿದರೆ ಸಾಕು. ಬೈನಾಕ್ಯುಲರ್ ಒಂದು ಇರಲಿ. ಬಿಳಿ ತಲೆಯ ಹಿಂಬದಿಗೆ ಕಾಡಿಗೆಯಲ್ಲಿ ಎಳೆದಂಥ ಎರಡು ಕಪ್ಪು ಗೀರುಗಳು ಮತ್ತು ಅರಿಸಿನ ಬಣ್ಣದ ಕಾಲುಗಳು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಬಿಸಿಲು ಏರಿದ ಮೇಲೆ ಡಂಬಳಕ್ಕೆ ಹೋಗಿ, ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರದ ಆಕಾರದಲ್ಲಿ ಕಟ್ಟಿದ ದೊಡ್ಡಬಸಪ್ಪ ದೇವಾಲಯವನ್ನು ತೋರಿಸಿ. ಮೂಲೆಗಳನ್ನು ಮಕ್ಕಳೇ ಎಣಿಸಲಿ. ಎರಡನೆಯ ದಿನವನ್ನು ಕಪ್ಪತಗುಡ್ಡಕ್ಕೆ ಮೀಸಲಿಡಿ. ಅದರ ವಿವರ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನಾವು ಐದು ಮಂದಿ ಗೆಳೆಯರು ಕಪ್ಪತಗುಡ್ಡ ಹತ್ತಬೇಕೆಂದಿದ್ದೇವೆ. ಯಾವ ಕಾಲ ಒಳ್ಳೆಯದು? ರಾತ್ರಿ ಗುಡ್ಡದ ಮೇಲೆ ಟೆಂಟ್ ಹಾಕಿ, ಬೆಂಕಿ ಹಾಕಿಕೊಂಡು ಉಳಿಯಬಹುದೇ?
— ಧಾರವಾಡದ ವಿದ್ಯಾರ್ಥಿಗಳು

ಉತ್ತರ: ಟೆಂಟ್ ಮತ್ತು ಬೆಂಕಿಯ ವಿಚಾರಕ್ಕೆ ಮೊದಲು ಉತ್ತರಿಸುತ್ತೇನೆ: ಎರಡೂ ಬೇಡ. ಕಪ್ಪತಗುಡ್ಡದ 244 ಚದರ ಕಿಲೋಮೀಟರಿನಷ್ಟು ಪ್ರದೇಶ 2019ರಿಂದ ವನ್ಯಜೀವಿಧಾಮವಾಗಿದೆ. ಅಲ್ಲಿ ತೋಳ, ಕತ್ತೆಕಿರುಬ, ಚಿರತೆ, ಕೊಂಡಕುರಿಗಳಿದ್ದು, ರಾತ್ರಿ ಅವುಗಳ ಹೊತ್ತು. ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಮುಂಚೆಯೇ ವಿಚಾರಿಸಿ, ಅನುಮತಿ ಪಡೆದು, ಅವರು ತೋರಿಸಿದ ದಾರಿಯಲ್ಲೇ ಹೋಗಿ ಸಂಜೆಯೊಳಗೆ ಇಳಿದುಬಿಡಿ.

ಬೆಂಕಿಯ ಮಾತನ್ನು ನಾನು ನಿಯಮಕ್ಕಾಗಿ ಮಾತ್ರ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ, ಇಂಥದೇ ಇನ್ನೊಂದು ಹುಲ್ಲುಗುಡ್ಡದ ಅಂಚಿನಲ್ಲಿ, ನಾನೂ ಇದ್ದ ತಂಡದ ಇಬ್ಬರು ಚಹಾ ಕಾಸಲು ಮೂರು ಕಲ್ಲು ಹೂಡಿ ಒಲೆ ಹಚ್ಚಿದರು. ಸುತ್ತಲಿನ ಹುಲ್ಲನ್ನು ಕಿತ್ತು ಜಾಗ ಹಸನು ಮಾಡಿದ್ದರೂ ಒಂದೇ ಒಂದು ಗಾಳಿಯ ಬೀಸಿಗೆ ಕಿಡಿ ಹಾರಿ ಆಚೆಯ ಹುಲ್ಲಿಗೆ ತಗುಲಿತು. ಹಸಿ ಟೊಂಗೆಗಳನ್ನು ಮುರಿದುಕೊಂಡು ಬಡಿದು ಆರಿಸುವಷ್ಟರಲ್ಲಿ ನಮ್ಮೆಲ್ಲರ ಹುಬ್ಬು ಕರಕಾಗಿದ್ದವು, ಎರಡು ಗುಂಟೆಯಷ್ಟು ನೆಲ ಕಪ್ಪಾಗಿತ್ತು. ಬೂದಿಯ ನಡುವೆ, ಅಂಗೈಯಷ್ಟು ತಗ್ಗಿನಲ್ಲಿ, ನೆಲಗುಬ್ಬಿಯ ಗೂಡೊಂದು ಸುಟ್ಟು ಮೂರು ಮೊಟ್ಟೆಗಳು ಮಾತ್ರ ಉಳಿದಿದ್ದವು. ಕೈಗೆ ತೆಗೆದುಕೊಂಡಾಗ ಅವು ಇನ್ನೂ ಬಿಸಿಯಾಗಿದ್ದವು. ಅಂದಿನಿಂದ ಹುಲ್ಲುಗಾವಲಿಗೆ ಹೋಗುವಾಗ ನಾನು ಬೆಂಕಿಪೊಟ್ಟಣ ಇಟ್ಟುಕೊಳ್ಳುವುದಿಲ್ಲ.

ಕಪ್ಪತಗುಡ್ಡದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಆಳೆತ್ತರಕ್ಕೆ ಬೆಳೆಯುವ ಬಾದೆ ಹುಲ್ಲು ಶಿವರಾತ್ರಿಯ ಹೊತ್ತಿಗೆ ಒಣಗಿ ನಿಂತಿರುತ್ತದೆ, ಅದರ ಸುವಾಸನೆಗೆ ಕಾರಣವಾದ ಎಣ್ಣೆಯೇ ಬೆಂಕಿಗೂ ಇಂಬು ಕೊಡುತ್ತದೆ. ಆದ್ದರಿಂದ ಫೆಬ್ರುವರಿಯಿಂದ ಮುಂಗಾರು ಹಿಡಿಯುವವರೆಗೆ ಆ ಕಡೆ ಹೋಗದಿರುವುದು ಒಳ್ಳೆಯದು. ನೆರಳಿಲ್ಲದ ಬಂಡೆಗಳು ಕಾದ ಹಂಚಿನಂತಾಗುವ ಆ ದಿನಗಳಲ್ಲಿ ಗುಡ್ಡಕ್ಕೂ ನಿಮಗೂ ಸುಖವಿಲ್ಲ.

ಹತ್ತಲು ತಕ್ಕ ಕಾಲವೆಂದರೆ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ. ಮುಂಡರಗಿ ತಾಲ್ಲೂಕಿನ ಡೋಣಿ ಕಡೆಯಿಂದ ಹೋದರೆ ಕಪ್ಪತ ಮಲ್ಲಯ್ಯನ ಗುಡಿ, ಇನ್ನೂ ಮೇಲೆ ಗಾಳಿಗುಂಡಿ ಬಸವಣ್ಣ ಸಿಗುತ್ತವೆ. ಗಾಳಿಗುಂಡಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ನೆತ್ತಿಯಲ್ಲಿ ನಿಂತಾಗ ಬಾಯಿಂದ ಹೊರಟ ಮಾತನ್ನು ಗಾಳಿ ಕಿತ್ತುಕೊಂಡು ಹೋಗುತ್ತದೆ, ತಲೆಯ ಮೇಲಿನ ಟವೆಲ್ಲನ್ನು ಕೈಯಲ್ಲಿ ಹಿಡಿದೇ ನಿಲ್ಲಬೇಕಾಗುತ್ತದೆ. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿರುವುದು ಅದಕ್ಕಾಗಿಯೇ. ಏರು ಬಹಳ ಕಠಿಣವೇನಲ್ಲ, ಆದರೆ ಸಡಿಲ ಕಲ್ಲುಗಳ ಮೇಲೆ ಕಾಲು ಜಾರುವುದರಿಂದ ಚಪ್ಪಲಿಯಲ್ಲಿ ಹೋಗಬೇಡಿ.

ಎಪ್ಪತ್ತು ಗಿರಿಗಳನ್ನು ನೋಡುವುದಕ್ಕಿಂತ ಕಪ್ಪತಗಿರಿಯನ್ನು ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಅಲ್ಲಿನ ಔಷಧಿ ಗಿಡಗಳನ್ನು ನೆನೆದು. ನಾಟಿವೈದ್ಯರು ಇಂದಿಗೂ ಈ ಗುಡ್ಡವನ್ನು ನಂಬಿದ್ದಾರೆ. ಯಾವ ಗಿಡವನ್ನೂ ಕೀಳಬೇಡಿ, ಎಲೆಯನ್ನು ಉಜ್ಜಿ ಮೂಸಿದರೆ ಸಾಕು. ಇನ್ನೊಂದು ಸಂಗತಿ ನಿಮ್ಮ ವಯಸ್ಸಿನವರಿಗೆ ತಿಳಿದಿರಬೇಕು. ಈ ಗುಡ್ಡದ ಒಡಲಲ್ಲಿ ಕಬ್ಬಿಣವೂ ಚಿನ್ನವೂ ಇರುವುದರಿಂದ ಅದರ ಮೇಲೆ ಹಲವರ ಕಣ್ಣು ಬಿದ್ದಿತ್ತು. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಬಳಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುವುದೆಂದಾಗ, ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಮುಂದೆ ನಿಂತು ರೈತರನ್ನು ಕೂಡಿಸಿದರು, ಯೋಜನೆ ಹಿಂದೆ ಸರಿಯಿತು. ಮುಂದೆ ಗುಡ್ಡದ ಸಂರಕ್ಷಣಾ ಮೀಸಲು ಪ್ರದೇಶದ ಸ್ಥಾನವನ್ನು ಸರ್ಕಾರ ಹಿಂಪಡೆದಾಗಲೂ ಜನ ಬೀದಿಗಿಳಿದು ಅದನ್ನು ಮರಳಿ ಪಡೆದರು. ನೀವು ಹತ್ತಲಿರುವ ಗುಡ್ಡ ಹೀಗೆ ಉಳಿದುಬಂದದ್ದು.

ಪ್ರಶ್ನೆ: ರಾಣೆಬೆನ್ನೂರಿನ ಕೃಷ್ಣಮೃಗ ಧಾಮಕ್ಕೆ ಎರಡು ಸಲ ಹೋದೆವು. ಒಂದು ಸಲ ಒಂದೂ ಕಾಣಲಿಲ್ಲ, ಇನ್ನೊಂದು ಸಲ ದೂರದಲ್ಲಿ ಓಡಿಹೋಗುವುದು ಕಂಡಿತು. ನಮ್ಮ ತಪ್ಪೇನು?
— ಹಾವೇರಿಯ ದಂಪತಿ

ಉತ್ತರ: ನೀವು ಹೋದ ಹೊತ್ತನ್ನು ಬರೆದಿಲ್ಲ. ಹತ್ತು ಗಂಟೆಯ ಮೇಲೆ ಹೋಗಿದ್ದರೆ ಅದೇ ಕಾರಣವಿರಬೇಕು. ಬಿಸಿಲಿನಲ್ಲಿ ಚಿಗರಿಗಳು ನೆರಳು ಹಿಡಿದು ಮಲಗಿ ಮೆಲುಕು ಹಾಕುತ್ತವೆ. ಬೆಳಗಿನ ಆರರಿಂದ ಎಂಟೂವರೆಯವರೆಗೆ ಮತ್ತು ಸಂಜೆ ನಾಲ್ಕೂವರೆಯ ನಂತರ ಬಯಲಿಗೆ ಬರುತ್ತವೆ. ಎರಡನೆಯ ಸಲ ಅವು ಓಡಿದ್ದು ನೀವು ವಾಹನದಿಂದ ಇಳಿದದ್ದಕ್ಕೆ ಎಂದು ನನ್ನ ಊಹೆ. ನಿಂತ ವಾಹನವನ್ನು ಅವು ಅಷ್ಟಾಗಿ ಲೆಕ್ಕಿಸುವುದಿಲ್ಲ, ಎರಡು ಕಾಲಿನ ಮೇಲೆ ನಡೆದು ಬರುವ ಆಕೃತಿಯನ್ನು ಮಾತ್ರ ಸಹಿಸುವುದಿಲ್ಲ. ಬಯಲಿನ ಪ್ರಾಣಿಗೆ ಮರೆ ಇಲ್ಲ. ಕಣ್ಣು ಮತ್ತು ಕಾಲು ಇವೆರಡೇ ಅದರ ರಕ್ಷಣೆ, ಕಾಲಿನ ವೇಗ ಗಂಟೆಗೆ 80 ಕಿಲೋಮೀಟರಿನವರೆಗೂ ಹೋಗುತ್ತದೆ.

ಇಲಾಖೆಯ ದಾರಿಯಲ್ಲಿ ಒಂದೆಡೆ ಇಂಜಿನ್ ಆರಿಸಿ, ಮೊಬೈಲಿನ ಸದ್ದು ಅಡಗಿಸಿ, ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ನೆಲದ ಮೇಲೆ ಒಂದೇ ಜಾಗದಲ್ಲಿ ರಾಶಿಬಿದ್ದ ಹಿಕ್ಕೆ ಕಂಡರೆ ಅಲ್ಲೇ ಕಾಯಿರಿ: ಗಂಡು ಚಿಗರಿ ತನ್ನ ಎಲ್ಲೆಯನ್ನು ಗುರುತಿಸುವ ಬಗೆ ಅದು, ಮತ್ತೆ ಮತ್ತೆ ಅಲ್ಲಿಗೆ ಬರುತ್ತದೆ. ತಿರುಚಿದ ಕೊಂಬುಗಳನ್ನು ಬೆನ್ನಿಗೆ ತಾಗುವಂತೆ ಹಿಂದಕ್ಕೆ ಚಾಚಿ, ಮೂಗನ್ನು ಆಕಾಶಕ್ಕೆತ್ತಿ, ಕಪ್ಪು ಬೆನ್ನಿನ ಗಂಡು ಹೆಣ್ಣುಗಳ ಮುಂದೆ ಹೆಜ್ಜೆ ಎಣಿಸಿದಂತೆ ನಡೆಯುವುದನ್ನು ನೋಡಲು ಎಷ್ಟು ಕಾದರೂ ನಷ್ಟವಿಲ್ಲ.

119 ಚದರ ಕಿಲೋಮೀಟರಿನ ಈ ಧಾಮ 1974ರಲ್ಲಿ ಘೋಷಣೆಯಾಯಿತು. ಒಂದು ಕಾಲದಲ್ಲಿ ಇಲ್ಲಿ ಎರೆಭೂತ ಹಕ್ಕಿಯೂ ಇತ್ತು. ಆಳಿನ ಸೊಂಟಕ್ಕೆ ಬರುವಷ್ಟು ಎತ್ತರದ ಈ ಭಾರದ ಹಕ್ಕಿಗೆ ಬೇಕಾದದ್ದು ತೆರೆದ ಹುಲ್ಲುಬಯಲು. ಹುಲ್ಲುಬಯಲೆಂದರೆ ಪಾಳುಭೂಮಿ ಎಂದು ತಿಳಿದು ನೀಲಗಿರಿ ಮರಗಳನ್ನು ನೆಟ್ಟೆವು, ಹಸಿರಾಯಿತೆಂದು ಹಿಗ್ಗಿದೆವು, ಹಕ್ಕಿ ಇಲ್ಲವಾಯಿತು. ನೀವು ಅಲ್ಲಿ ಸಾಲುಮರಗಳ ನಡುವೆ ಹಾದುಹೋಗುವಾಗ ಇದನ್ನು ಮಕ್ಕಳಿಗೆ ಹೇಳಬೇಕೆಂದು ನನ್ನ ಕೋರಿಕೆ.

ಪ್ರಶ್ನೆ: ನನ್ನ ಹೊಲ ಮಾಗಡಿ ಕೆರೆಯಿಂದ ದೂರವಿಲ್ಲ. ರಾತ್ರಿ ಹೆಬ್ಬಾತುಗಳು ಬಂದು ಕಡಲೆಯನ್ನು ಮೇಯ್ದರೆ, ಬೆಳಿಗ್ಗೆ ಕ್ಯಾಮೆರಾದವರು ಬಂದು ಉಳಿದದ್ದನ್ನು ತುಳಿಯುತ್ತಾರೆ. ನಿಮ್ಮಂಥವರು ಪತ್ರಿಕೆಯಲ್ಲಿ ಬರೆದು ಇನ್ನಷ್ಟು ಜನರನ್ನು ಕಳಿಸುತ್ತೀರಿ. ಇದು ಸರಿಯೇ?
— ಲಕ್ಷ್ಮೇಶ್ವರ ಭಾಗದ ರೈತರು

ಉತ್ತರ: ನಿಮ್ಮ ಮಾತು ನ್ಯಾಯವಾದದ್ದು. ಹಕ್ಕಿಯ ಕೊಕ್ಕು ಎಳೆಯ ಸಸಿಯ ಕುಡಿಯನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ತೆಗೆದುಬಿಡುತ್ತದೆ. ಒಂದು ಹಿಂಡು ಒಂದು ರಾತ್ರಿ ಇಳಿದರೆ ಎಕರೆಗಟ್ಟಲೆ ಪೈರು ಬೋಳಾಗುತ್ತದೆ. ಇಷ್ಟಾದರೂ ನಿಮ್ಮ ಭಾಗದ ಜನ ಈ ಹಕ್ಕಿಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದೀರಿ. ಚಳಿಗಾಲದ ಅತಿಥಿಗಳೆಂದು ಹಾಡಿ ಹೊಗಳುವ ನಾವು, ಆ ಅತಿಥಿಗಳಿಗೆ ಉಣಬಡಿಸುವವರು ನೀವು ಎಂಬುದನ್ನು ಮರೆತು ಬರೆಯುತ್ತೇವೆ. ಆ ತಪ್ಪು ನನ್ನದೂ ಹೌದು.

ಆದ್ದರಿಂದ ಕೆರೆಗೆ ಬರುವ ಓದುಗರಿಗೆ ನಿಮ್ಮ ಪರವಾಗಿ ಹೇಳುತ್ತೇನೆ. ಏರಿಯನ್ನು ಬಿಟ್ಟು ಹೊಲಕ್ಕೆ ಕಾಲಿಡಬಾರದು. ಬದುವಿನ ಮೇಲೆ ನಡೆಯಬೇಕಾದರೂ ಹೊಲದವರನ್ನು ಕೇಳಿಯೇ ನಡೆಯಬೇಕು. ವಾಹನವನ್ನು ಚಕ್ಕಡಿ ದಾರಿಗೆ ಅಡ್ಡ ನಿಲ್ಲಿಸಬಾರದು. ಬೆಳಗಿನ ಹೊತ್ತು ಅದೇ ದಾರಿಯಲ್ಲಿ ಕೂಲಿಯವರು, ಎತ್ತುಗಳು ಹೋಗಬೇಕಿರುತ್ತದೆ. ಹಾರುವ ಚಿತ್ರ ಬೇಕೆಂದು ಕಲ್ಲೆಸೆದು ಹಕ್ಕಿಗಳನ್ನು ಎಬ್ಬಿಸುವವರನ್ನು ನಾನೇ ಕಂಡಿದ್ದೇನೆ: ಹಾಗೆ ಎದ್ದ ಹಿಂಡು ಕೆರೆ ಬಿಟ್ಟು ಹಗಲಿನಲ್ಲೂ ಹೊಲಕ್ಕೆ ಇಳಿಯುತ್ತದೆ, ಚಿತ್ರ ತೆಗೆದವರು ಊರು ಸೇರುತ್ತಾರೆ, ನಷ್ಟ ನಿಮಗಾಗುತ್ತದೆ. ಡ್ರೋನ್ ಹಾರಿಸುವುದಂತೂ ಕೂಡದು. ಚಹಾ, ತಿಂಡಿ, ಶೇಂಗಾ ಏನನ್ನೇ ಆಗಲಿ ಅದೇ ಊರಿನಲ್ಲಿ ಕೊಳ್ಳಿ, ದಾರಿ ತೋರಿಸುವ ಊರಿನ ಹುಡುಗರಿಗೆ ದಿನಗೂಲಿಗೆ ಕಡಿಮೆಯಿಲ್ಲದಷ್ಟು ಹಣ ಕೊಡಿ. ಪೈರಿನ ನಷ್ಟದ ಬಗ್ಗೆ ಗ್ರಾಮ ಪಂಚಾಯ್ತಿಯ ಮೂಲಕ, ಸರ್ವೆ ನಂಬರಿನೊಂದಿಗೆ, ಪ್ರತಿ ವರ್ಷ ಅರಣ್ಯ ಇಲಾಖೆಗೆ ಲಿಖಿತವಾಗಿ ತಿಳಿಸುತ್ತಿರಿ ಎಂಬುದು ನಿಮಗೆ ನನ್ನ ಸಲಹೆ. ಬಾಯಿಮಾತಿನ ದೂರು ಕಡತಕ್ಕೆ ಸೇರುವುದಿಲ್ಲ.

ಪ್ರಶ್ನೆ: ಬಂಕಾಪುರದ ನವಿಲುಧಾಮವನ್ನು ಯಾವಾಗ ನೋಡಬೇಕು?
— ಶಿಗ್ಗಾವಿಯ ಓದುಗರು

ಉತ್ತರ: ಜೂನ್, ಜುಲೈ ತಿಂಗಳ ಬೆಳಗಿನ ಹೊತ್ತು. ಮಳೆಗಾಲ ಮುಗಿಯುತ್ತ ಬಂದಂತೆ ಗಂಡುನವಿಲಿನ ಗರಿಗಳು ಉದುರುತ್ತವೆ. 2006ರಲ್ಲಿ ನವಿಲುಧಾಮವೆಂದು ಘೋಷಣೆಯಾದ ಈ ಜಾಗ ಹಳೆಯ ಕೋಟೆಯೊಳಗಿನ ಜಾನುವಾರು ಕ್ಷೇತ್ರದಲ್ಲಿದೆ. ಖಿಲಾರಿ ದನಗಳ ನಡುವೆಯೇ ನವಿಲುಗಳು ಮೇಯುತ್ತವೆ. ಅಲ್ಲಿಯೇ ನಗರೇಶ್ವರ ದೇವಾಲಯವಿದೆ, ಊರವರು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಅದನ್ನು ನೋಡದೆ ಬರಬೇಡಿ.

ಪ್ರಶ್ನೆ: ನನ್ನ ತಾಯಿಗೆ 72 ವರ್ಷ, ಮೊಣಕಾಲು ನೋವು. ಗುಡ್ಡ ಹತ್ತಲಾರರು, ಆದರೆ ಹೊರಗೆ ಹೋಗಬೇಕೆಂಬ ಆಸೆ ಬಹಳ.
— ಧಾರವಾಡ ಮಾಳಮಡ್ಡಿಯ ಓದುಗರು

ಉತ್ತರ: ಕೆಲಗೇರಿ ಕೆರೆಯ ದಂಡೆಗೆ ಸೂರ್ಯೋದಯಕ್ಕೆ ಕರೆದೊಯ್ಯಿರಿ. ಸಾಧನಕೇರಿಯೂ ಆಗಬಹುದು, ಅಲ್ಲಿ ಕೂರಲು ಅನುಕೂಲವಿದೆ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದ ಮರಗಳ ನೆರಳಿನಲ್ಲಿ ಸಮತಟ್ಟಾದ ದಾರಿಗಳಿವೆ.

ಮಳೆ ಬರುವ ದಿನ ಇನ್ನೊಂದು ಕೆಲಸ ಮಾಡಿ. ಧಾರವಾಡ ನಿಂತಿರುವುದು ನೀರು ಇಬ್ಭಾಗವಾಗುವ ದಿಣ್ಣೆಯ ಮೇಲೆ. ಉಳವಿ ಚನ್ನಬಸವೇಶ್ವರ ಗುಡ್ಡದ ಪೂರ್ವಕ್ಕೆ ಬಿದ್ದ ಹನಿ ಬಂಗಾಳ ಕೊಲ್ಲಿಗೂ ಪಶ್ಚಿಮಕ್ಕೆ ಬಿದ್ದ ಹನಿ ಅರಬ್ಬೀ ಸಮುದ್ರಕ್ಕೂ ಸೇರುತ್ತದೆಂದು ಊರಿನ ಹಳಬರು ಹೇಳುತ್ತಾರೆ. ನಿಮ್ಮ ತಾಯಿಯವರಿಗೂ ಗೊತ್ತಿರಬಹುದು. ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಕಡಲು ಸೇರುತ್ತದೆ. ಸೋಮೇಶ್ವರದ ಗುಡಿಯ ಹತ್ತಿರ ಗಾಡಿ ನಿಲ್ಲಿಸಿ, ನೀರು ಹರಿಯುವುದನ್ನು ಅವರು ಕುಳಿತು ನೋಡಲಿ.

ಪ್ರಶ್ನೆ: ಪ್ರೌಢಶಾಲೆಯ ನಲವತ್ತು ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಹಾವಿನ ಭಯದಿಂದ ಪಾಲಕರು ಒಪ್ಪುತ್ತಿಲ್ಲ. ಏನು ಸಿದ್ಧತೆ ಬೇಕು? ಅಲ್ಲಿ ಮಕ್ಕಳಿಗೆ ಯಾವ ಪಾಠ ಹೇಳಬಹುದು?
— ಗದಗ ತಾಲ್ಲೂಕಿನ ಶಿಕ್ಷಕಿ

ಉತ್ತರ: ಪಾಲಕರ ಭಯವನ್ನು ಹಗುರವಾಗಿ ಕಾಣಬೇಡಿ. ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲ ನಾಲ್ಕೂ ನಮ್ಮ ಸೀಮೆಯವೇ. ಆದರೆ ದಾರಿಯ ಮೇಲೆ, ಕಾಲೂರುವ ಜಾಗವನ್ನು ನೋಡಿಕೊಂಡು, ಬೂಟು ಹಾಕಿಕೊಂಡು ನಡೆಯುವವರಿಗೆ ಹಾವು ಕಚ್ಚುವುದು ಬಹಳ ಅಪರೂಪ. ಕಲ್ಲು ಎತ್ತುವುದು, ಬಿರುಕಿನಲ್ಲಿ ಕೈ ಹಾಕುವುದು, ಹುಲ್ಲಿನಲ್ಲಿ ಓಡುವುದು ಈ ಮೂರನ್ನು ತಡೆದರೆ ಮುಕ್ಕಾಲು ಭಯ ನೀಗಿತು. ಅಕಸ್ಮಾತ್ ಕಚ್ಚಿದರೆ ಕಟ್ಟು ಬಿಗಿಯಬಾರದು, ಕುಯ್ಯಬಾರದು, ಬಾಯಿಂದ ಹೀರಬಾರದು. ಮಗುವನ್ನು ಮಲಗಿಸಿ, ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಕೋಲು ಕೊಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಒಯ್ಯಬೇಕು. ಮದ್ದು ಆಸ್ಪತ್ರೆಯಲ್ಲಿ ಮಾತ್ರ ಇದೆ. 108ಕ್ಕೆ ಕರೆ ಮಾಡುವುದರ ಜೊತೆಗೆ ಗುಡ್ಡದ ಬುಡದಲ್ಲಿ ವಾಹನವೊಂದನ್ನು ದಿನವಿಡೀ ನಿಲ್ಲಿಸಿಕೊಂಡಿರಿ, ಏಕೆಂದರೆ ಎಲ್ಲ ಕಡೆ ಮೊಬೈಲ್ ಸಿಗ್ನಲ್ ಸಿಗದು.

ಹಾವಿಗಿಂತ ನನಗೆ ಹೆಜ್ಜೇನಿನ ಚಿಂತೆ ಹೆಚ್ಚು. ಬಂಡೆಯ ಕೆಳಗೆ ಹುಟ್ಟು ಕಂಡರೆ ಸದ್ದಿಲ್ಲದೆ ಹಿಂದೆ ಸರಿಯಬೇಕು, ಅಂದು ಯಾರೂ ಸೆಂಟು ಹಚ್ಚಿಕೊಂಡು ಬರಬಾರದು. ನಲವತ್ತು ಮಕ್ಕಳಿಗೆ ಐವರು ದೊಡ್ಡವರಾದರೂ ಇರಲಿ, ಅವರಲ್ಲಿ ಒಬ್ಬರು ಎಲ್ಲರಿಗಿಂತ ಹಿಂದೆ ನಡೆಯಲಿ. ತಲೆಗೆ ಎರಡು ಲೀಟರ್ ನೀರು ಬೇಕು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿದರೆ ಪ್ಲಾಸ್ಟಿಕ್ ಪೊಟ್ಟಣಗಳ ಹಂಗೇ ಇರುವುದಿಲ್ಲ.

ಪಾಠವನ್ನೂ ಕೇಳಿದ್ದೀರಿ. ಕಪ್ಪತಗುಡ್ಡದಲ್ಲಿ ಕೆಂಪು–ಕಪ್ಪು ಪಟ್ಟೆಗಳಿರುವ ಕಲ್ಲನ್ನು ಮಕ್ಕಳ ಕೈಗೆ ಕೊಡಿ, ಆಮೇಲೆ ಅಷ್ಟೇ ದೊಡ್ಡದಾದ ಬೇರೆ ಕಲ್ಲನ್ನು ಕೊಡಿ. ಮೊದಲನೆಯದು ಭಾರವೆಂದು ಅವರೇ ಹೇಳುತ್ತಾರೆ; ಅದರೊಳಗೆ ಕಬ್ಬಿಣವಿದೆ. ಭೂವಿಜ್ಞಾನದಲ್ಲಿ ನಮ್ಮ ಧಾರವಾಡದ ಹೆಸರನ್ನೇ ಹೊತ್ತ ಈ ಶಿಲೆಗಳು 250 ಕೋಟಿ ವರ್ಷಗಳಿಗಿಂತ ಹಳೆಯವು. ಕಲ್ಲನ್ನು ನೀವೇ ನೋಡಿಕೊಂಡು ಎತ್ತಿ, ಎತ್ತಿದ ಜಾಗದಲ್ಲೇ ಮರಳಿ ಇಡಿ. ಗಣೇಶ ಚವತಿ ಮುಗಿದ ಮೇಲಿನ ಒಂದು ಶನಿವಾರವನ್ನು ಆರಿಸಿಕೊಳ್ಳಿ. ಆಗ ಮೋಡ ತೆಳುವಾಗಿ ಬಿಸಿಲು ಎಳೆಯದಾಗಿರುತ್ತದೆ, ಬಾದೆ ಹುಲ್ಲು ಮಕ್ಕಳ ಹೆಗಲ ಮಟ್ಟಕ್ಕೆ ಬಂದು ಇನ್ನೂ ಹಸಿಯಾಗಿರುತ್ತದೆ.